ವ್ಯುತ್ಪತ್ತಿಯೋ ಕಾರ್ಯವೋ? ದಂತ ಕ್ಷ-ಕಿರಣ ಚಿತ್ರಣದ ಮೂಲ ಪದಗಳು ಕನ್ನಡದಲ್ಲಿ

ಸಾರಾಂಶ

ದಂತವೈದ್ಯದಲ್ಲಿ ಬಳಕೆಯಾಗುವ ಕ್ಷ-ಕಿರಣ ಯಂತ್ರದ ಭಾಗಗಳಿಗೂ ಅದು ನೀಡುವ ಚಿತ್ರವನ್ನು ಓದುವ ಕ್ರಮಕ್ಕೂ ಸಂಬಂಧಿಸಿದ ಸುಮಾರು ಹತ್ತು ಮೂಲ ಪದಗಳನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಈ ಪದಗಳಲ್ಲಿ ಹಲವು ತಮ್ಮ ಮೂಲಭಾಷೆಯಲ್ಲೇ ವಸ್ತುವಿನ ಈಗಿನ ಕಾರ್ಯವನ್ನು ಸೂಚಿಸುವುದಿಲ್ಲ. ಕೆಲವು ಹಳೆಯ ಆಕಾರವನ್ನು ಉಳಿಸಿಕೊಂಡಿವೆ, ಕೆಲವು ತಪ್ಪು ಓದಿನಿಂದ ಹುಟ್ಟಿವೆ, ಕೆಲವು ಬೇರೊಂದು ನೆಲೆಯಿಂದ ನೋಡಿ ಇಟ್ಟ ಹೆಸರುಗಳಾಗಿವೆ. ಅಂಥ ಪದಗಳ ವ್ಯುತ್ಪತ್ತಿಯನ್ನು ಕನ್ನಡಕ್ಕೆ ತಂದರೆ ಮೂಲದಲ್ಲಿ ಸುಪ್ತವಾಗಿದ್ದ ದೋಷವು ಕನ್ನಡದಲ್ಲಿ ಎಚ್ಚೆತ್ತು ಕೂರುತ್ತದೆ ಎಂಬುದು ನಮ್ಮ ವಾದ. ಆದಕಾರಣ ಪದವನ್ನಲ್ಲ, ಕಾರ್ಯವನ್ನು ಅನುವಾದಿಸಬೇಕೆಂದು ಸೂಚಿಸಿ, ಅದಕ್ಕೆ ಒಗ್ಗುವ ಪದರಚನಾ ಮಾರ್ಗಗಳನ್ನು ಚರ್ಚಿಸಿದ್ದೇವೆ.

ಪ್ರಮುಖ ಪದಗಳು: ಪಾರಿಭಾಷಿಕ ಪದ, ಪಡಿಯಚ್ಚು ಅನುವಾದ, ಎರವಲು, ಅರಿಸಮಾಸ, ಕ್ಷ-ಕಿರಣ, ದಂತವೈದ್ಯ

1. ಪೀಠಿಕೆ

ಕರ್ನಾಟಕದಲ್ಲಿ ದಂತವೈದ್ಯಕೀಯ ಶಿಕ್ಷಣ ನಡೆಯುವುದು ಇಂಗ್ಲಿಷಿನಲ್ಲಿ. ಚಿಕಿತ್ಸೆಯ ಕುರ್ಚಿಯಲ್ಲಿ ಕುಳಿತವರೊಡನೆ ಮಾತು ನಡೆಯುವುದು ಬಹುಮಟ್ಟಿಗೆ ಕನ್ನಡದಲ್ಲಿ. ಈ ಎರಡರ ನಡುವಣ ಅಂತರವನ್ನು ವೈದ್ಯರು ದಿನವೂ ತಮ್ಮ ತಮ್ಮ ಜಾಣ್ಮೆಯಿಂದ ದಾಟುತ್ತಾರೆ. ಆದರೆ ಬರವಣಿಗೆಗೆ ಬಂದಾಗ, ಅಂದರೆ ಎಚ್ಚರಿಕೆಯ ಫಲಕ, ಒಪ್ಪಿಗೆಪತ್ರ, ಸಹಾಯಕರ ಕೈಪಿಡಿ, ಜನಪ್ರಿಯ ವಿಜ್ಞಾನ ಲೇಖನ ಇವುಗಳಲ್ಲಿ, ವ್ಯಕ್ತಿಯ ಜಾಣ್ಮೆ ಸಾಲದು. ನಿಂತ ಪದಗಳು ಬೇಕು.

ಕನ್ನಡದಲ್ಲಿ ವಿಜ್ಞಾನದ ಪದಗಳನ್ನು ಕುರಿತ ಚರ್ಚೆ ಹಳೆಯದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದ ಕಾಲದಿಂದ ಇಂದಿನವರೆಗೆ ಆ ಚರ್ಚೆ ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ: ಪದವು ಸಂಸ್ಕೃತದಿಂದ ಬರಬೇಕೇ, ಕನ್ನಡದ ಬೇರಿನಿಂದ ಹುಟ್ಟಬೇಕೇ, ಇಂಗ್ಲಿಷಿನಿಂದ ಹಾಗೆಯೇ ಉಳಿಯಬೇಕೇ? ಡಿ.ಎನ್. ಶಂಕರ ಭಟ್ಟರು ಕನ್ನಡದ್ದೇ ಪದಗಳ ಪರವಾಗಿ ಮಂಡಿಸಿದ ವಿಚಾರಗಳು ಈ ಪ್ರಶ್ನೆಗೆ ಹೊಸ ಹುರುಪು ಕೊಟ್ಟಿವೆ. ಪ್ರಶ್ನೆ ಮುಖ್ಯವಾದುದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆಯೆಂದು ನಾವು ಭಾವಿಸುತ್ತೇವೆ: ಮೂಲಪದದ ಯಾವ ಅಂಶವನ್ನು ನಾವು ಕನ್ನಡಕ್ಕೆ ತರುತ್ತಿದ್ದೇವೆ? ಅದರ ವ್ಯುತ್ಪತ್ತಿಯನ್ನೋ, ಅದು ಇಂದು ಹೆಸರಿಸುವ ಕಾರ್ಯವನ್ನೋ?

ದಂತ ಕ್ಷ-ಕಿರಣ ಚಿತ್ರಣವನ್ನು ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ಅದರ ಪದಸಮೂಹ ಚಿಕ್ಕದು, ಒಂದು ಲೇಖನದ ಹಿಡಿತಕ್ಕೆ ಸಿಗುವಂಥದು. ಎರಡು, ಇಲ್ಲಿ ಪದದ ತಪ್ಪು ಬರಿಯ ಪದದ ತಪ್ಪಾಗಿ ಉಳಿಯುವುದಿಲ್ಲ. ಹುಳುಕು ಎಲ್ಲಿದೆ, ಕಿರಣ ಎಷ್ಟು ತಾಗಿತು, ತಾಗಿಸಿದವರು ಯಾರು ಎಂಬ ತಿಳಿವಳಿಕೆಯ ತಪ್ಪಾಗುತ್ತದೆ. ನಾವು ಕ್ಷೇತ್ರಕಾರ್ಯದ ಅಂಕಿಅಂಶಗಳನ್ನು ಮಂಡಿಸುತ್ತಿಲ್ಲ. ಪದಗಳ ರಚನೆ, ಸಹಪ್ರಯೋಗ ಮತ್ತು ಅರ್ಥವ್ಯಾಪ್ತಿ ಇವೇ ನಮ್ಮ ಆಕರ.

2. ‘ಕ್ಷ-ಕಿರಣ’ ಮತ್ತು ‘ಎಕ್ಸ್‌ರೇ’

ವಿಲ್‌ಹೆಲ್ಮ್ ರೋಂಟ್‌ಗೆನ್ 1895ರ ನವೆಂಬರ್ 8ರಂದು ಕಂಡ ಹೊಸ ಕಿರಣಕ್ಕೆ ‘ಎಕ್ಸ್’ ಎಂಬ ಅಕ್ಷರವನ್ನಿಟ್ಟದ್ದು ಬೀಜಗಣಿತದ ಅಜ್ಞಾತ ರಾಶಿಯ ನೆನಪಿನಿಂದ. ಅಂದರೆ ಆ ಹೆಸರಿನ ಅರ್ಥ ‘ಸ್ವರೂಪ ತಿಳಿಯದ ಕಿರಣ’ ಎಂದು. ಕನ್ನಡದ ‘ಕ್ಷ-ಕಿರಣ’ವು ಅಕ್ಷರದ ಧ್ವನಿಯನ್ನು ತಂದಿತು: ಎಕ್ಸ್ ಎಂಬುದರ ಕಕಾರ-ಸಕಾರಗಳಿಗೆ ಕಕಾರ-ಷಕಾರಗಳ ಸಂಯುಕ್ತಾಕ್ಷರ. ಹೀಗೆ ಪದದ ಮೊದಲ ಅರ್ಧ ಲಿಪ್ಯಂತರ, ಉತ್ತರಾರ್ಧ ಅನುವಾದ. ಅಜ್ಞಾತತೆಯ ಅರ್ಥ ಕೈಬಿಟ್ಟಿತು. ಕಿರಣದ ಸ್ವರೂಪ ಎಂದೋ ತಿಳಿದುಬಿಟ್ಟಿರುವುದರಿಂದ ಆ ನಷ್ಟದಿಂದ ಯಾರಿಗೂ ತೊಂದರೆಯಾಗಿಲ್ಲ. ವ್ಯುತ್ಪತ್ತಿಯನ್ನು ಬಿಟ್ಟೂ ಪದ ಬಾಳಬಲ್ಲುದು ಎಂಬುದಕ್ಕೆ ಇದು ನಮ್ಮ ಮೊದಲ ಸಾಕ್ಷಿ.

ಮಾತಿನ ಕನ್ನಡದಲ್ಲಿ ಇದರ ಜೊತೆಗೆ ‘ಎಕ್ಸ್‌ರೇ’ ಕೂಡ ಇದೆ. ಎರಡನ್ನೂ ಪರ್ಯಾಯಪದಗಳೆಂದು ನಿಘಂಟುಗಳು ಭಾವಿಸಬಹುದು. ಸಹಪ್ರಯೋಗ ಬೇರೆಯದನ್ನೇ ಹೇಳುತ್ತದೆ.

(1) ಹಲ್ಲಿನ ಎಕ್ಸ್‌ರೇ ತೆಗೆಸಿದೆ.
(2) ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ.
(3) *ಹಲ್ಲಿನ ಕ್ಷ-ಕಿರಣ ತೆಗೆಸಿದೆ.
(4) ಕ್ಷ-ಕಿರಣಗಳು ಮಾಂಸವನ್ನು ಹಾದುಹೋಗುತ್ತವೆ.

‘ಎಕ್ಸ್‌ರೇ’ಯು ‘ತೆಗೆ’, ‘ತೆಗೆಸು’, ‘ನೋಡು’, ‘ತೋರಿಸು’ ಧಾತುಗಳೊಡನೆ ಬರುತ್ತದೆ. ಅದು ಚಿತ್ರ, ಕೈಯಲ್ಲಿ ಹಿಡಿದು ತರುವ ವಸ್ತು. ‘ಕ್ಷ-ಕಿರಣ’ವು ‘ಹಾಯು’, ‘ಬೀಳು’, ‘ತಾಗು’ ಧಾತುಗಳೊಡನೆ ಬರುತ್ತದೆ, ಅದು ಕಿರಣ. ಇಂಗ್ಲಿಷಿನಲ್ಲಿ ಒಂದೇ ಪದ ಲಕ್ಷಣೆಯಿಂದ ಎರಡೂ ಕೆಲಸ ಮಾಡುತ್ತದೆ; ಅಲ್ಲಿನ ಪಠ್ಯಪುಸ್ತಕಗಳು ಚಿತ್ರಕ್ಕೆ ‘ರೇಡಿಯೊಗ್ರಾಫ್’ ಎನ್ನಬೇಕೆಂದು ವಿದ್ಯಾರ್ಥಿಗಳನ್ನು ತಿದ್ದುತ್ತಲೇ ಇರುತ್ತವೆ. ಕನ್ನಡದಲ್ಲಿ ಎರವಲು ಮತ್ತು ಅನುವಾದಗಳು ಆ ಕೆಲಸವನ್ನು ತಾವಾಗಿ ಹಂಚಿಕೊಂಡಿವೆ. ಯಾರೂ ಯೋಜಿಸದೆ ದೊರೆತ ಈ ವ್ಯವಸ್ಥೆಯನ್ನು ಶುದ್ಧಿಯ ಹೆಸರಿನಲ್ಲಿ ಕೆಡಿಸಬಾರದು: ಕಿರಣಕ್ಕೆ ‘ಕ್ಷ-ಕಿರಣ’, ಚಿತ್ರಕ್ಕೆ ‘ಎಕ್ಸ್‌ರೇ’ ಅಥವಾ ‘ಕ್ಷ-ಕಿರಣ ಚಿತ್ರ’ ಎಂದು ಉಳಿಸಿಕೊಳ್ಳುವುದು ಲೇಸು.

3. ಯಂತ್ರದ ಭಾಗಗಳು

ದಂತ ಕ್ಷ-ಕಿರಣ ಯಂತ್ರದಲ್ಲಿ ಕಣ್ಣಿಗೆ ಕಾಣುವ ಭಾಗಗಳು ಮೂರು: ನಿಯಂತ್ರಣ ಫಲಕ, ಚಾಚಿ ಮಡಿಸಬಹುದಾದ ತೋಳು, ತೋಳಿನ ತುದಿಯಲ್ಲಿ ತಲೆ. ಲೋಹದ ಕವಚವುಳ್ಳ ಆ ತಲೆಯೊಳಗೆ ಕ್ಷ-ಕಿರಣ ನಳಿಕೆ, ಪರಿವರ್ತಕ ಮತ್ತು ಶಾಖವನ್ನು ಹೀರುವ ನಿರೋಧಕ ತೈಲ ಇರುತ್ತವೆ. ‘ತೋಳು’, ‘ತಲೆ’ ಎಂಬ ಅಂಗರೂಪಕಗಳು ಕನ್ನಡಕ್ಕೆ ಸಲೀಸಾಗಿ ಬರುತ್ತವೆ; ‘ಚಾಚುತೋಳು’, ‘ನಳಿಕೆತಲೆ’ ಎಂದರೆ ಯಾರಿಗೂ ವಿವರಣೆ ಬೇಕಿಲ್ಲ. ತೊಡಕು ಶುರುವಾಗುವುದು ಒಳಭಾಗಗಳಲ್ಲಿ.

3.1 ಧ್ರುವಗಳು ಮತ್ತು ಗುರಿ

ನಿರ್ವಾತ ನಳಿಕೆಯ ಒಂದು ತುದಿಯಲ್ಲಿ ಕ್ಯಾಥೋಡ್. ಅಲ್ಲಿ ಮಾಲಿಬ್ಡಿನಂ ಬಟ್ಟಲೊಳಗಿನ ಟಂಗ್‌ಸ್ಟನ್ ತಂತು ಕಾದು ಎಲೆಕ್ಟ್ರಾನುಗಳನ್ನು ಹೊಮ್ಮಿಸುತ್ತದೆ. ಎದುರು ತುದಿಯಲ್ಲಿ ಆನೋಡ್. ಅಲ್ಲಿ ತಾಮ್ರದ ಕಾಂಡದಲ್ಲಿ ಹುದುಗಿಸಿದ ಟಂಗ್‌ಸ್ಟನ್ ಫಲಕಕ್ಕೆ ಎಲೆಕ್ಟ್ರಾನುಗಳು ಬಡಿದು ನಿಲ್ಲುತ್ತವೆ. ಅವುಗಳ ಚಲನಶಕ್ತಿಯಲ್ಲಿ ಶೇಕಡ 1ರಷ್ಟು ಮಾತ್ರ ಕ್ಷ-ಕಿರಣವಾಗಿ, ಉಳಿದುದೆಲ್ಲ ಶಾಖವಾಗಿ ಮಾರ್ಪಡುತ್ತದೆ.

‘ಆನೋಡ್’, ‘ಕ್ಯಾಥೋಡ್’ ಎಂಬ ಪದಗಳನ್ನು 1834ರಲ್ಲಿ ಮೈಕೆಲ್ ಫ್ಯಾರಡೆಗಾಗಿ ವಿಲಿಯಂ ಹ್ಯೂವೆಲ್ ಗ್ರೀಕಿನಿಂದ ಕಟ್ಟಿಕೊಟ್ಟರು. ಅವುಗಳ ಅರ್ಥ ‘ಏರುದಾರಿ’, ‘ಇಳಿದಾರಿ’. ವಿದ್ಯುದಾವೇಶದ ಚಿಹ್ನೆಯ ಮಾತು ಅವುಗಳಲ್ಲಿ ಇಲ್ಲ. ಕನ್ನಡದಲ್ಲಿ ಬಳಕೆಗೆ ಬಂದ ‘ಧನಾಗ್ರ’, ‘ಋಣಾಗ್ರ’ಗಳು ಬೇರೆ ದಾರಿ ಹಿಡಿದವು: 628ರಲ್ಲಿ ಬ್ರಹ್ಮಗುಪ್ತನು ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ ಮತ್ತು ಋಣ ರಾಶಿಗಳಿಗೆ ನಿಯಮ ಹೇಳಿದ ಪರಂಪರೆಯಿಂದ, ಅಂದರೆ ಸಂಪತ್ತು ಮತ್ತು ಸಾಲದ ರೂಪಕದಿಂದ, ಹೆಸರು ಪಡೆದವು. ಇದು ವ್ಯುತ್ಪತ್ತಿಯ ಅನುವಾದವಲ್ಲ, ಲಕ್ಷಣದ ಅನುವಾದ. ಕ್ಷ-ಕಿರಣ ನಳಿಕೆಯಲ್ಲಿ ಇದು ನೂರಕ್ಕೆ ನೂರು ಸರಿ: ಆನೋಡ್ ಧನವೇ, ಕ್ಯಾಥೋಡ್ ಋಣವೇ. ಆದರೆ ವಿದ್ಯುತ್ತನ್ನು ಕೊಡುತ್ತಿರುವ ವಿದ್ಯುತ್ಕೋಶದಲ್ಲಿ ಆನೋಡ್ ಋಣಧ್ರುವ. ಅಲ್ಲಿ ಅದನ್ನು ‘ಧನಾಗ್ರ’ ಎಂದರೆ ಪದವೇ ಸುಳ್ಳಾಡುತ್ತದೆ. ಲಕ್ಷಣವನ್ನು ಅನುವಾದಿಸುವವರು ಆ ಲಕ್ಷಣ ಪದದ ಪೂರ್ತಿ ವ್ಯಾಪ್ತಿಯಲ್ಲಿ ನಿಲ್ಲುತ್ತದೆಯೇ ಎಂದು ನೋಡಬೇಕು. ದಂತ ಕ್ಷ-ಕಿರಣದ ಸೀಮಿತ ಕ್ಷೇತ್ರದಲ್ಲಿ ಈ ಜೋಡಿಯನ್ನು ನಿರ್ಭಯವಾಗಿ ಬಳಸಬಹುದು. ಸಾಮಾನ್ಯ ವಿಜ್ಞಾನದಲ್ಲಿ ಎರವಲೇ ಸುರಕ್ಷಿತ.

‘ಟಾರ್ಗೆಟ್’ ಎಂಬ ಪದದ ತೊಡಕು ಇನ್ನೊಂದು ಬಗೆಯದು. ಅದನ್ನು ‘ಗುರಿ’ ಎಂದು ಅನುವಾದಿಸುವುದು ಸುಲಭ. ಆದರೆ ಯಾರ ಗುರಿ? ಎಲೆಕ್ಟ್ರಾನಿನ ಗುರಿ ಟಂಗ್‌ಸ್ಟನ್ ಫಲಕ. ಯಂತ್ರವನ್ನು ಹಿಡಿದವರ ಗುರಿ ಹಲ್ಲು. ‘ಗುರಿಯಿಂದ ಚರ್ಮಕ್ಕೆ 20 ಅಥವಾ 40 ಸೆಂಟಿಮೀಟರು ದೂರವಿರಬೇಕು’ ಎಂಬ ವಾಕ್ಯವನ್ನು ಮೊದಲ ಬಾರಿ ಓದುವವರು ಗುರಿ ಎಂದರೆ ಹಲ್ಲೆಂದು ತಿಳಿದು ಕಂಗಾಲಾಗುವುದು ಸಹಜ. ಇಂಗ್ಲಿಷ್ ಪದಕ್ಕೂ ಇದೇ ದ್ವಂದ್ವವುಂಟು, ಆದರೆ ಅಲ್ಲಿ ಅದು ಪರಿಭಾಷೆಯಾಗಿ ಗಟ್ಟಿಗೊಂಡಿದೆ. ಕನ್ನಡದ ‘ಗುರಿ’ ದಿನಬಳಕೆಯ ಜೀವಂತ ಪದ; ಅದರ ಬಾಯಿ ಕಟ್ಟಲಾಗದು. ‘ಎಲೆಕ್ಟ್ರಾನ್ ಗುರಿ’ ಎಂದು ಕರ್ತೃವನ್ನು ಪದದೊಳಗೇ ಸೇರಿಸಿದರೆ ತೊಡಕು ಕಳೆಯುತ್ತದೆ.

3.2 ಶೋಧಕ ಮತ್ತು ನಿಯಾಮಕ

ನಳಿಕೆಯಿಂದ ಹೊರಟ ಪುಂಜದಲ್ಲಿ ಬಲಹೀನ ಕಿರಣಗಳೂ ಇರುತ್ತವೆ. ಅವು ಹಲ್ಲನ್ನು ದಾಟಿ ಚಿತ್ರ ಮೂಡಿಸಲಾರವು, ಚರ್ಮದಲ್ಲಿ ಹೀರಿಹೋಗಿ ರೋಗಿಗೆ ವ್ಯರ್ಥ ಹೊರೆಯಾಗುತ್ತವೆ. ಅವನ್ನು ತಡೆಯಲು ದಾರಿಯಲ್ಲಿ ಅಲ್ಯೂಮಿನಿಯಂ ತಗಡನ್ನು ಇಡುತ್ತಾರೆ. 70 ಕಿಲೋವೋಲ್ಟ್‌ವರೆಗಿನ ಯಂತ್ರಕ್ಕೆ 1.5 ಮಿಲಿಮೀಟರು, ಅದನ್ನು ಮೀರಿದರೆ 2.5 ಮಿಲಿಮೀಟರು ದಪ್ಪಕ್ಕೆ ಸಮನಾದ ತಡೆ ಬೇಕೆಂಬುದು ರೂಢಿಯ ಅಳತೆ. ಇದು ‘ಫಿಲ್ಟರ್’.

ಇದಕ್ಕೆ ‘ಶೋಧಕ’ ಎಂಬ ಪದ ತಟ್ಟನೆ ಒದಗುತ್ತದೆ. ಆದರೆ ‘ಶೋಧ’ಕ್ಕೆ ಕನ್ನಡದಲ್ಲಿ ಶುದ್ಧಗೊಳಿಸುವುದು, ಹುಡುಕುವುದು ಎಂಬ ಎರಡು ಅರ್ಥಗಳಿದ್ದು, ಇಂದಿನ ಬರಹದಲ್ಲಿ ಎರಡನೆಯದೇ ಮೇಲುಗೈ ಪಡೆದಿದೆ. ಕಿರಣವನ್ನು ಗ್ರಹಿಸುವ ‘ಡಿಟೆಕ್ಟರ್’ಗೂ ‘ಶೋಧಕ’ವೇ ಒದಗುವುದರಿಂದ, ಕಿರಣವನ್ನು ತಡೆಯುವ ತಗಡು ಮತ್ತು ಕಿರಣವನ್ನು ಹಿಡಿಯುವ ಸಾಧನ ಒಂದೇ ಯಂತ್ರವ್ಯವಸ್ಥೆಯ ಎರಡು ತುದಿಗಳಲ್ಲಿ ಒಂದೇ ಹೆಸರು ಹೊತ್ತು ನಿಲ್ಲುತ್ತವೆ. ‘ಜರಡಿ’ ಎಂದರೆ ಮತ್ತೊಂದು ಎಡವಟ್ಟು: ಜರಡಿ ದಪ್ಪನೆಯದನ್ನು ಉಳಿಸಿಕೊಂಡು ನುಣ್ಣನೆಯದನ್ನು ಬಿಡುತ್ತದೆ, ಈ ತಗಡು ದುರ್ಬಲವಾದುದನ್ನು ಹಿಡಿದು ಪ್ರಬಲವಾದುದನ್ನು ಬಿಡುತ್ತದೆ. ‘ಸೋಸು’ ಧಾತು ಬೇಡದ್ದನ್ನು ಬೇರ್ಪಡಿಸುವ ಅರ್ಥವನ್ನಷ್ಟೇ ಹೊತ್ತಿರುವುದರಿಂದ ‘ಸೋಸುತಗಡು’ ಎಂಬುದನ್ನು ಸೂಚಿಸುತ್ತೇವೆ. ಕಿರಣ ಗ್ರಾಹಿಗೆ ಈಗಾಗಲೇ ಬಳಕೆಯಲ್ಲಿರುವ ‘ಸಂವೇದಕ’ ಸಾಕು.

ಸೋಸುತಗಡಿನ ಮುಂದೆ ನಡುವೆ ರಂಧ್ರವಿರುವ ಸೀಸದ ಫಲಕ: ‘ಕಾಲಿಮೇಟರ್’. ಇದರ ವ್ಯುತ್ಪತ್ತಿ ಭಾಷಾವಿಜ್ಞಾನಿಗಳಿಗೆ ಪ್ರಿಯವಾಗುವಂಥದು. ಲ್ಯಾಟಿನಿನಲ್ಲಿ ‘ನೇರ ಗೆರೆಗೆ ತರು’ ಎಂಬ ಅರ್ಥದ ‘ಕೊಲಿನಿಯಾರೆ’ ಎಂಬ ಕ್ರಿಯಾಪದವಿತ್ತು. ಸಿಸೆರೊನ ಗ್ರಂಥಗಳ ಕೆಲವು ಆವೃತ್ತಿಗಳಲ್ಲಿ ಅದನ್ನು ‘ಕೊಲಿಮಾರೆ’ ಎಂದು ತಪ್ಪಾಗಿ ಓದಲಾಯಿತು. ಖಗೋಳಜ್ಞರು ಆ ತಪ್ಪು ರೂಪವನ್ನೇ ಎತ್ತಿಕೊಂಡರು. ಎಂದೂ ಇಲ್ಲದ ಧಾತುವಿನಿಂದ ಹುಟ್ಟಿದ ಪದವಿದು. ದುರ್ಬೀನು, ರೋಹಿತದರ್ಶಕಗಳಲ್ಲಿ ಅದು ಕಿರಣಗಳನ್ನು ಸಮಾಂತರಗೊಳಿಸುವ ಸಾಧನಕ್ಕೆ ಹೆಸರಾಯಿತು. ದಂತ ಯಂತ್ರದಲ್ಲಿ ಅದು ಆ ಕೆಲಸ ಮಾಡುವುದಿಲ್ಲ. ಪುಂಜವು ಹರಡುತ್ತಲೇ ಇರುತ್ತದೆ. ಸೀಸದ ಫಲಕ ಅದರ ಅಂಚುಗಳನ್ನು ಕತ್ತರಿಸಿ ಗಾತ್ರ ಮತ್ತು ಆಕಾರಗಳನ್ನು ಮಿತಿಗೊಳಿಸುತ್ತದೆ, ಅಷ್ಟೆ. ಅಮೆರಿಕದ ನಿಯಮದಂತೆ ಚರ್ಮದ ಬಳಿ ಪುಂಜದ ವ್ಯಾಸ ಸುಮಾರು 7 ಸೆಂಟಿಮೀಟರನ್ನು ಮೀರಬಾರದು. ‘ಸಮಾಂತರಕಾರಿ’ ಎಂಬಂಥ ಅನುವಾದ ಇಲ್ಲಿ ವಿದ್ವತ್ಪೂರ್ಣವಾಗಿ ಕಂಡರೂ ವಸ್ತುಸ್ಥಿತಿಗೆ ವಿರುದ್ಧವಾದುದು. ಕಾರ್ಯವನ್ನು ಹಿಡಿದರೆ ‘ಪುಂಜನಿಯಾಮಕ’ ಎಂದಾಗುತ್ತದೆ.

3.3 ಶಂಕುವಲ್ಲದ ಶಂಕು

ತಲೆಯಿಂದ ರೋಗಿಯ ಕೆನ್ನೆಯ ಕಡೆಗೆ ಚಾಚಿದ ಭಾಗವನ್ನು ಇಂಗ್ಲಿಷಿನಲ್ಲಿ ಇಂದಿಗೂ ‘ಕೋನ್’ ಎನ್ನುತ್ತಾರೆ. ಹಿಂದೆ ಅದು ಚೂಪು ತುದಿಯ ಪ್ಲಾಸ್ಟಿಕ್ ಶಂಕುವಾಗಿತ್ತು. ಕಿರಣವು ಆ ಪ್ಲಾಸ್ಟಿಕ್ಕಿಗೆ ಬಡಿದು ಚದುರುತ್ತಿದ್ದುದರಿಂದ ಅದನ್ನು ಕೈಬಿಟ್ಟು, ತೆರೆದ ಬಾಯಿಯ ದುಂಡು ಅಥವಾ ಆಯತಾಕಾರದ ಕೊಳವೆಯನ್ನು ತಂದರು. ಆಕಾರ ಹೋಯಿತು, ಹೆಸರು ಉಳಿಯಿತು. ಪುಂಜವು ಫಿಲ್ಮಿನ ಪೂರ್ತಿ ಮೈಗೆ ಬೀಳದೆ ಒಂದು ಅಂಚು ಚಿತ್ರವಿಲ್ಲದೆ ಉಳಿಯುವ ದೋಷಕ್ಕೂ ‘ಕೋನ್ ಕಟ್’ ಎಂದೇ ಹೆಸರು.

ಆಕಾರ ಹೋದ ಮೇಲೂ ಹೆಸರು ಉಳಿಯುವುದು ದೋಷವೇ? ಹಾಗೇನಿಲ್ಲ. ಕನ್ನಡದ ‘ಸೀಸದ ಕಡ್ಡಿ’ಯಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟು, ಯಾವ ಮಗುವೂ ಇದರಿಂದ ಮೋಸಹೋಗಿಲ್ಲ. ನಮ್ಮ ದೃಷ್ಟಿಯಲ್ಲಿ ಪಳೆಯುಳಿಕೆಯ ಹೆಸರು ಹಾನಿಕರವಾಗುವುದು ಒಂದೇ ಕ್ಷೇತ್ರದೊಳಗೆ ಅದೇ ಪದದ ಸಜೀವ ಅರ್ಥ ಎದುರು ನಿಂತಾಗ. ‘ಶಂಕು’ವಿನ ವಿಷಯದಲ್ಲಿ ಆಗಿರುವುದು ಅದೇ: ಇಂದು ದವಡೆಯ ಮೂರು ಆಯಾಮದ ಚಿತ್ರಕ್ಕೆ ಬಳಸುವ ಯಂತ್ರದಲ್ಲಿ ಪುಂಜವೇ ನಿಜವಾದ ಶಂಕುವಿನಾಕಾರದ್ದು, ಅದರ ಹೆಸರಲ್ಲಿ ‘ಕೋನ್’ ಬಂದಿರುವುದು ನ್ಯಾಯವಾಗಿಯೇ. ಕೊಳವೆಯನ್ನೂ ‘ಶಂಕು’ ಎಂದು ಅನುವಾದಿಸಿದರೆ ವಿದ್ಯಾರ್ಥಿಯು ಒಂದು ಅಧ್ಯಾಯದಲ್ಲಿ ಸುಳ್ಳು ಶಂಕುವನ್ನೂ ಇನ್ನೊಂದರಲ್ಲಿ ನಿಜವಾದ ಶಂಕುವನ್ನೂ ಎದುರಿಸಬೇಕಾಗುತ್ತದೆ. ಕೊಳವೆಯ ಕೆಲಸ ಪುಂಜಕ್ಕೆ ದಿಕ್ಕು ತೋರುವುದು, ‘ದಿಕ್ಕೊಳವೆ’ ಎನ್ನಬಹುದು. ದೋಷಕ್ಕೆ ‘ಅಂಚುಗಡಿತ’ ಸಾಕು.

4. ಕಪ್ಪು ಬಿಳುಪಿನ ತಿರುವು

ಚಿತ್ರವನ್ನು ಓದುವ ಪದಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜೋಡಿ ‘ರೇಡಿಯೊಲ್ಯೂಸೆಂಟ್’ ಮತ್ತು ‘ರೇಡಿಯೊಪೇಕ್’. ಕಿರಣವನ್ನು ಸಲೀಸಾಗಿ ಹಾಯಗೊಡುವ ಭಾಗ ಮೊದಲನೆಯದು: ಹಲ್ಲಿನ ತಿರುಳು, ಹುಳುಕು, ಬೇರಿನ ತುದಿಯ ಕೀವುಗಡ್ಡೆ. ತಡೆಯುವ ಭಾಗ ಎರಡನೆಯದು: ತೂಕದಲ್ಲಿ ಶೇಕಡ 96ರಷ್ಟು ಖನಿಜವಿರುವ ಎನಾಮಲ್, ಬೆಳ್ಳಿಮಿಶ್ರಣದ ತುಂಬುವಿಕೆ, ಚಿನ್ನದ ಟೊಪ್ಪಿಗೆ. ಚಿತ್ರದಲ್ಲಿ ಮೊದಲಿನವು ಕಪ್ಪಗೆ, ನಂತರದವು ಬೆಳ್ಳಗೆ ಕಾಣುತ್ತವೆ.

ಈಗ ವ್ಯುತ್ಪತ್ತಿಯನ್ನು ನೋಡೋಣ. ಲ್ಯಾಟಿನಿನ ‘ಲೂಕೇರೆ’ ಎಂದರೆ ಬೆಳಗು. ‘ಒಪಾಕುಸ್’ ಎಂದರೆ ನೆರಳಾದ, ಮಬ್ಬಾದ. ಹೀಗಾಗಿ ‘ಬೆಳಗುವ’ ಎಂಬ ಹೆಸರಿನದು ಕಪ್ಪಗೆ, ‘ಮಬ್ಬಾದ’ ಎಂಬ ಹೆಸರಿನದು ಬೆಳ್ಳಗೆ ಕಾಣುವ ವಿಪರ್ಯಾಸ ಪದದೊಳಗೇ ಇದೆ. ಕಾರಣ ಇಷ್ಟು: ಹೆಸರು ವಸ್ತುವಿಗೂ ಕಿರಣಕ್ಕೂ ಇರುವ ಸಂಬಂಧವನ್ನು ಹೇಳುತ್ತದೆ, ಕಣ್ಣು ನೋಡುವುದು ಚಿತ್ರವನ್ನು, ಚಿತ್ರವೋ ಋಣಪ್ರತಿ. ಕಿರಣ ತಲುಪಿದೆಡೆ ಫಿಲ್ಮು ಕಪ್ಪಾಗುತ್ತದೆ, ನೆರಳು ಬಿದ್ದೆಡೆ ಬೆಳ್ಳಗುಳಿಯುತ್ತದೆ. ‘ಬೆಳಕಿನ ಬರಹ’ ಎಂಬ ಅರ್ಥದ ‘ಫೋಟೊಗ್ರಾಫ್’ಗೆ ಕನ್ನಡದಲ್ಲಿ ‘ಛಾಯಾಚಿತ್ರ’ ಎಂಬ ಪದ ನೆಲೆನಿಂತಿದೆ. ‘ನೆರಳಿನ ಚಿತ್ರ’ ಎಂಬ ಅದರ ಅಕ್ಷರಾರ್ಥ ನಿಜಕ್ಕೂ ಒಪ್ಪುವುದು ಎಕ್ಸ್‌ರೇಗೇ. ಆದರೆ ಅದರ ನೆರಳು ಬಿಳಿಯದು.

ಇದನ್ನು ‘ಪಾರದರ್ಶಕ’, ‘ಅಪಾರದರ್ಶಕ’ ಎಂದು ಅನುವಾದಿಸಿದರೆ ಏನಾಗುತ್ತದೆ? ‘ದರ್ಶಕ’ ಎಂಬ ಅಂಶ ಕಣ್ಣನ್ನು ಕರೆತರುತ್ತದೆ. ಪಾರದರ್ಶಕವಾದುದು ಗಾಜು, ತಿಳಿನೀರು. ಅಂದರೆ ತಿಳಿಯಾಗಿ, ಬೆಳಕಾಗಿ ಕಾಣುವುದು. ಸೀಸ ಬೆರೆಸಿದ ಗಾಜು ಕಣ್ಣಿಗೆ ಪಾರದರ್ಶಕವಾಗಿದ್ದೂ ಕ್ಷ-ಕಿರಣವನ್ನು ತಡೆಯುತ್ತದೆ ಎಂಬುದನ್ನು ನೆನೆದರೆ ಪದದ ಅಸಾಂಗತ್ಯ ಸ್ಪಷ್ಟವಾಗುತ್ತದೆ. ‘ಪಾರಕ’, ‘ಅಪಾರಕ’ ಎಂಬ ಜೋಡಿಯನ್ನು ತಂದರೆ ಎರಡನೆಯ ಪದ ‘ಅಪಾರ’ವನ್ನು ನೆನಪಿಸಿ ದಾರಿ ತಪ್ಪಿಸುತ್ತದೆ.

ರೋಗಿಯ ಕಡೆಯಿಂದ ಈ ತೊಡಕು ಎಷ್ಟು ಆಳವಾದುದೆಂದು ಒಂದು ಉದಾಹರಣೆಯಿಂದ ತಿಳಿಯಬಹುದು. ಕನ್ನಡಿಯಲ್ಲಿ ನೋಡಿಕೊಂಡಾಗ ಹುಳುಕು ಕಪ್ಪು, ಹಳೆಯ ಬೆಳ್ಳಿಮಿಶ್ರಣದ ತುಂಬುವಿಕೆಯೂ ಹೆಚ್ಚುಕಡಿಮೆ ಕಪ್ಪು. ಎಕ್ಸ್‌ರೇಯಲ್ಲಿ ಹುಳುಕು ಕಪ್ಪಾಗಿಯೇ ಉಳಿಯುತ್ತದೆ, ತುಂಬುವಿಕೆ ಮಾತ್ರ ಹಲ್ಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ಹೀಗೆ ಒಂದು ಕಪ್ಪು ತಿರುಗಿ ಇನ್ನೊಂದು ತಿರುಗದಿರುವ ಚಿತ್ರವನ್ನು ತೋರಿಸಿ, ‘ಇದು ಪಾರದರ್ಶಕ ಭಾಗ, ಇಲ್ಲಿ ಹುಳುಕಿದೆ’ ಎಂದರೆ, ಕೇಳುವವರ ಕಣ್ಣು ಹೊಳೆಯುವ ಬಿಳಿ ಚುಕ್ಕೆಯ ಮೇಲೆ ನಿಲ್ಲುತ್ತದೆ. ಕೀಳಬೇಕಾದ ಹಲ್ಲು ಯಾವುದು, ಉಳಿದ ಹಲ್ಲು ಯಾವುದು ಎಂಬುದಕ್ಕೆ ಒಪ್ಪಿಗೆ ಕೊಡುವ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ.

ಆದ್ದರಿಂದ ಎರಡು ನೆಲೆಗಳನ್ನು ಬೇರ್ಪಡಿಸಬೇಕು. ವಸ್ತುವಿನ ಗುಣಕ್ಕೆ ‘ಕಿರಣಪ್ರವೇಶ್ಯ’, ‘ಕಿರಣರೋಧಿ’ ಎಂಬ ಜೋಡಿಯನ್ನು ಸೂಚಿಸುತ್ತೇವೆ. ಮೊದಲನೆಯದರಲ್ಲಿ ‘ಯ’ ಪ್ರತ್ಯಯ ಕರ್ಮಾರ್ಥದ್ದು, ವಸ್ತು ಸುಮ್ಮನಿರುತ್ತದೆ, ಕಿರಣ ಹೊಗುತ್ತದೆ. ಎರಡನೆಯದು ಕರ್ತ್ರರ್ಥದ್ದು, ವಸ್ತು ತಡೆಯುತ್ತದೆ. ಈ ಅಸಮತೆ ಭೌತಸ್ಥಿತಿಗೆ ಅನುಗುಣವಾಗಿಯೇ ಇದೆ. ಚಿತ್ರದ ಗುಣಕ್ಕೆ ‘ಕಪ್ಪು ಭಾಗ’, ‘ಬಿಳಿ ಭಾಗ’ ಎಂಬ ಸರಳ ಪದಗಳೇ ಸಾಕು. ರೋಗಿಯೊಡನೆ ಮಾತಾಡುವಾಗ ‘ಕಿರಣ ಹಾದುಹೋದ ಜಾಗ ಕಪ್ಪಗಿದೆ’ ಎಂದರೆ ವಸ್ತು, ಕಿರಣ, ಚಿತ್ರ ಮೂರೂ ಒಂದೇ ವಾಕ್ಯದಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ.

5. ಹಲ್ಲು ಮತ್ತು ನೋಟಗಳು

ಹಲ್ಲಿನ ಹೆಸರುಗಳಲ್ಲಿ ಕನ್ನಡ ಶ್ರೀಮಂತ. ಬಾಚಿಹಲ್ಲಿನಲ್ಲಿ ಬಡಗಿಯ ಬಾಚಿಯಿದೆ, ಕೋರೆಹಲ್ಲಿನಲ್ಲಿ ಬಾಗಿದ ಮೊನೆಯಿದೆ, ದವಡೆಹಲ್ಲಿನಲ್ಲಿ ಅದರ ನೆಲೆಯಿದೆ. ‘ಹುಳುಕು’ ಪದವು ಹಲ್ಲನ್ನು ಹುಳು ತಿನ್ನುತ್ತದೆಂಬ ಹಳೆಯ ನಂಬಿಕೆಯೊಡನೆ ಹೊಂದಿಕೊಂಡಿದ್ದರೂ, ಇಂದು ಯಾವ ಪ್ರತಿಸ್ಪರ್ಧಿ ಅರ್ಥವೂ ಇಲ್ಲದೆ ಕೊಳೆತದ ಅರ್ಥದಲ್ಲಿ ನಿಂತಿದೆ. ಮೇಲೆ ಹೇಳಿದ ಕಟ್ಟಳೆಯಂತೆ ಅದನ್ನು ಪಾರಿಭಾಷಿಕ ಪದವಾಗಿ ಒಪ್ಪಲು ಅಡ್ಡಿಯಿಲ್ಲ.

ನೋಟದ ಹೆಸರುಗಳಿಗೆ ಬಂದಾಗ ವ್ಯುತ್ಪತ್ತಿಯ ಮೋಹ ಮತ್ತೆ ಕಾಡುತ್ತದೆ. ಬೇರಿನ ತುದಿಯನ್ನೂ ಸುತ್ತಣ ಮೂಳೆಯನ್ನೂ ತೋರಿಸುವ ‘ಪೆರಿಯೇಪಿಕಲ್’ ನೋಟದಲ್ಲಿ ‘ಏಪೆಕ್ಸ್’ ಇದೆ. ಅದಕ್ಕೆ ‘ಶಿಖರ’ವೆಂದರೆ ಕೆಳದವಡೆಯ ಹಲ್ಲಿನಲ್ಲಿ ಶಿಖರ ಪಾತಾಳದ ಕಡೆಗಿರುತ್ತದೆ. ‘ಬೇರುತುದಿ’ ದಿಕ್ಕಿಗೆ ಅಂಟಿಕೊಳ್ಳದ ಪದ. 1925ರಲ್ಲಿ ಹೋವರ್ಡ್ ರೈಲಿ ರೇಪರ್ ಬಳಕೆಗೆ ತಂದ ‘ಬೈಟ್‌ವಿಂಗ್’ ಎಂಬ ಹೆಸರು ಫಿಲ್ಮಿಗೆ ಅಂಟಿಸಿದ, ರೋಗಿಯು ಕಚ್ಚಿ ಹಿಡಿಯುವ ರೆಕ್ಕೆಯಂಥ ಪಟ್ಟಿಯಿಂದ ಬಂದುದು. ಚಿತ್ರ ತೋರಿಸುವುದು ಮೇಲಿನ ಮತ್ತು ಕೆಳಗಿನ ಹಲ್ಲುಗಳ ಮುಕುಟಗಳನ್ನು, ಎರಡು ಹಲ್ಲುಗಳ ನಡುವೆ ಅವಿತ ಹುಳುಕನ್ನು. ‘ಕಚ್ಚುರೆಕ್ಕೆ’ ಎಂಬ ಪಡಿಯಚ್ಚು ನಗೆ ತರಿಸುತ್ತದೆಯೇ ಹೊರತು ಏನನ್ನೂ ತಿಳಿಸದು. ‘ಕಚ್ಚುನೋಟ’ವೆಂದರೆ ರೋಗಿ ಮಾಡಬೇಕಾದುದೂ ಚಿತ್ರದ ಬಗೆಯೂ ಒಟ್ಟಿಗೆ ತಿಳಿಯುತ್ತವೆ. ‘ನೋಟ’ವನ್ನು ಸಮಾನ ಉತ್ತರಪದವಾಗಿಟ್ಟರೆ ಬೇರುತುದಿ ನೋಟ, ಕಚ್ಚುನೋಟ, ಪೂರ್ಣದವಡೆ ನೋಟ ಎಂದು ಒಂದು ಶ್ರೇಣಿಯೇ ದೊರೆಯುತ್ತದೆ.

6. ಒಡ್ಡುವವರು ಯಾರು?

‘ಎಕ್ಸ್‌ಪೋಷರ್’ ಎಂಬುದಕ್ಕೆ ‘ಒಡ್ಡು’ ಧಾತು ಸಹಜವಾಗಿ ಒದಗುತ್ತದೆ. ನಾಮಪದವಾಗಿ ‘ಒಡ್ಡು’ ಎಂದರೆ ತಡೆ, ಕಟ್ಟೆ ಎಂಬ ವಿರುದ್ಧಾರ್ಥ ಬರುವುದರಿಂದ ಪ್ರತ್ಯಯ ಸೇರಿಸಲೇಬೇಕು. ಬರಹದಲ್ಲಿ ಹೆಚ್ಚಾಗಿ ಕಾಣುವುದು ‘ಒಡ್ಡಿಕೊಳ್ಳುವಿಕೆ’. ಇಲ್ಲಿ ನಿಂತು ಯೋಚಿಸಬೇಕು.

(5) ತಂತ್ರಜ್ಞರು ರೋಗಿಯನ್ನು ವಿಕಿರಣಕ್ಕೆ ಒಡ್ಡುತ್ತಾರೆ.
(6) ರೋಗಿಗಳು ವಿಕಿರಣಕ್ಕೆ ಒಡ್ಡಿಕೊಳ್ಳುತ್ತಾರೆ.
(7) ರೋಗಿಗಳು ವಿಕಿರಣಕ್ಕೆ ಒಳಗಾಗುತ್ತಾರೆ.

‘ಕೊಳ್’ ಸಹಾಯಕ ಕ್ರಿಯೆಯು ಕ್ರಿಯೆಯ ಫಲವನ್ನು ಕರ್ತೃವಿನ ಕಡೆಗೇ ತಿರುಗಿಸುತ್ತದೆ. ಅದು ಯಾವಾಗಲೂ ಇಚ್ಛಾಪೂರ್ವಕ ಕ್ರಿಯೆಯನ್ನೇ ಹೇಳುತ್ತದೆಂದಲ್ಲ. ‘ಕೈ ಸುಟ್ಟುಕೊಂಡ’, ‘ಹಲ್ಲು ಮುರಿದುಕೊಂಡ’ ಎಂಬಲ್ಲಿ ಇಚ್ಛೆಯಿಲ್ಲ. ಆದರೆ ಅಲ್ಲಿಯೂ ಹೊಣೆ ಕರ್ತೃವಿನದೇ. ‘ಮೈಯೊಡ್ಡು’, ‘ಎದೆಯೊಡ್ಡು’ ಎಂಬ ಬಳಕೆಗಳಿಂದ ‘ಒಡ್ಡು’ವಿಗೆ ಧೈರ್ಯದ, ಸ್ವಂತ ನಿರ್ಧಾರದ ಛಾಯೆ ಮೊದಲೇ ಇರುವುದರಿಂದ, ‘ಒಡ್ಡಿಕೊಳ್ಳು’ ಎಂದಾಗ ಆ ಹೊಣೆ ಇನ್ನಷ್ಟು ಗಟ್ಟಿಯಾಗುತ್ತದೆ. ವಾಸ್ತವದಲ್ಲಿ ಗುಂಡಿ ಒತ್ತುವವರು ತಂತ್ರಜ್ಞರು, ಎಷ್ಟು ಹೊತ್ತು ಎಂದು ನಿಶ್ಚಯಿಸುವವರು ಅವರು, ಒತ್ತುವಾಗ ದೂರ ಸರಿಯುವವರೂ ಅವರೇ. ಒಪ್ಪಿಗೆಪತ್ರದ ವಾಕ್ಯ (6)ರ ಮಾದರಿಯಲ್ಲಿದ್ದರೆ ವ್ಯಾಕರಣವು ಸದ್ದಿಲ್ಲದೆ ಹೊಣೆಯನ್ನು ರೋಗಿಗೆ ವರ್ಗಾಯಿಸಿರುತ್ತದೆ. ವಾಕ್ಯ (7) ಹೊಣೆಯನ್ನು ಯಾರಿಗೂ ಹೊರಿಸದೆ ತೇಲಿಸುತ್ತದೆ. ಪಾರಿಭಾಷಿಕ ನಾಮಪದವಾಗಿ ‘ಕೊಳ್’ ಇಲ್ಲದ ‘ಒಡ್ಡಿಕೆ’, ವಾಕ್ಯದಲ್ಲಿ ಕರ್ತೃವನ್ನು ಹೆಸರಿಸುವ (5)ರ ಮಾದರಿ ಇವೆರಡನ್ನು ನಾವು ಸಮರ್ಥಿಸುತ್ತೇವೆ.

ಇದೇ ಬಗೆಯ ಜಾರುವಿಕೆ ಕಿರಣದ ‘ಕ್ವಾಲಿಟಿ’ಯಲ್ಲೂ ಉಂಟು. ಅದು ಕಿಲೋವೋಲ್ಟಿನಿಂದ ನಿರ್ಧಾರವಾಗುವ ಭೇದನಶಕ್ತಿ. ಒಳಿತು ಕೆಡುಕಿನ ಮಾತಲ್ಲ. ‘ಗುಣಮಟ್ಟ’ವೆಂದು ಬರೆದರೆ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಬರುತ್ತದೆ. ‘ಭೇದನಶಕ್ತಿ’ ಎಂದೇ ಬರೆಯುವುದು ಕ್ಷೇಮ.

7. ಅರಿಸಮಾಸದ ಪ್ರಶ್ನೆ

ಮೇಲೆ ಸೂಚಿಸಿದ ಪದಗಳು ರಚನೆಯಲ್ಲಿ ಮೂರು ಬಗೆ. ‘ಸೋಸುತಗಡು’, ‘ಚಾಚುತೋಳು’, ‘ಕಚ್ಚುನೋಟ’ಗಳು ಧಾತು ಮತ್ತು ನಾಮಪದ ಕೂಡಿದವು, ಕಡೆಗೋಲು, ಸುಡುಗಾಡುಗಳ ಹಳೆಯ ಜಾಡಿನವು. ‘ಕಿರಣಪ್ರವೇಶ್ಯ’, ‘ಪುಂಜನಿಯಾಮಕ’ಗಳು ಪೂರ್ತಿ ಸಂಸ್ಕೃತ. ‘ಪೂರ್ಣದವಡೆ’, ‘ದಿಕ್ಕೊಳವೆ’, ‘ಎಲೆಕ್ಟ್ರಾನ್ ಗುರಿ’ಗಳು ಬೆರಕೆ, ‘ದಿಕ್ಕು’ ತದ್ಭವವಾದ್ದರಿಂದ ನಡುವಿನದಕ್ಕೆ ವಿನಾಯಿತಿ ಕೇಳಬಹುದು, ಉಳಿದವಕ್ಕೆ ಆಗದು. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಸಮಾಸಗೊಳಿಸುವುದನ್ನು ಅರಿಸಮಾಸವೆಂದು ದೂರವಿಟ್ಟು, ಬಿರುದಾವಳಿಗಳಿಗೂ ಪೂರ್ವಕವಿಪ್ರಯೋಗಗಳಿಗೂ ಮಾತ್ರ ಅವಕಾಶ ಕೊಟ್ಟನು. ಆ ನಿಯಮ ಕಾವ್ಯಭಾಷೆಯ ಹದಕ್ಕೆ ಸಂಬಂಧಿಸಿದ್ದು. ಪರಿಭಾಷೆಯ ಹದ ಬೇರೆ: ಅಲ್ಲಿ ಘಟಕಗಳು ಯಾವ ಕುಲದವು ಎಂಬುದಕ್ಕಿಂತ ಅವುಗಳ ಗಡಿ ಸ್ಪಷ್ಟವಾಗಿ ಕಾಣುವುದು ಮುಖ್ಯ. ಆ ಕಾರಣದಿಂದಲೇ ‘ಸೋಸುತಗಡು’ವಿಗೆ ಆದೇಶಸಂಧಿ ಮಾಡಿ ‘ಸೋಸುದಗಡು’ ಎನ್ನಲಿಲ್ಲ.

ಮೂರೂ ಬಗೆಗಳನ್ನು ನಾವು ಬೇಕೆಂದೇ ಉಳಿಸಿಕೊಂಡಿದ್ದೇವೆ. ಕೈಯಿಂದ ಮುಟ್ಟಬಹುದಾದ ಭಾಗಗಳಿಗೆ, ರೋಗಿ ಮಾಡಬೇಕಾದ ಕ್ರಿಯೆಗಳಿಗೆ ದೇಶ್ಯ ರಚನೆ ಸೊಗಸಾಗಿ ಒಗ್ಗುತ್ತದೆ. ಅಮೂರ್ತ ಗುಣಗಳಿಗೆ, ಮುಂದೆ ಪ್ರತ್ಯಯ ಬೆಳೆಸಬೇಕಾದೆಡೆ, ಸಂಸ್ಕೃತ ರಚನೆ ಅನುಕೂಲ (‘ಕಿರಣರೋಧಿ’ಯಿಂದ ‘ಕಿರಣರೋಧಿತ್ವ’). ‘ಎಲೆಕ್ಟ್ರಾನ್’, ‘ಎನಾಮಲ್’, ‘ಟಂಗ್‌ಸ್ಟನ್’ಗಳು ಎರವಲಾಗಿಯೇ ಇರಲಿ. ಕುಲವನ್ನು ಮೊದಲು ಗೊತ್ತುಮಾಡಿಕೊಂಡು ಪದ ಹುಡುಕುವ ಬದಲು ಕಾರ್ಯವನ್ನು ಗೊತ್ತುಮಾಡಿಕೊಂಡರೆ ಕುಲದ ಪ್ರಶ್ನೆ ಎಷ್ಟೋ ಕಡೆ ತಾನಾಗಿ ಇತ್ಯರ್ಥವಾಗುತ್ತದೆ.

8. ಸಮಾರೋಪ

ಮೂಲಭಾಷೆಯಲ್ಲಿ ಹಳೆಯ ಪದ ತಪ್ಪಾಗಿದ್ದರೂ ಬಾಳುತ್ತದೆ, ಏಕೆಂದರೆ ಬಳಕೆ ಅದರ ವ್ಯುತ್ಪತ್ತಿಯನ್ನು ಮರೆಸಿರುತ್ತದೆ. ಅನುವಾದವು ಆ ಮರೆವನ್ನು ಕಳೆದು ಅಕ್ಷರಾರ್ಥವನ್ನು ಮತ್ತೆ ಎಬ್ಬಿಸುತ್ತದೆ. ಹೊಸ ಭಾಷೆಯಲ್ಲಿ ಪದ ಹೊಸದಾಗಿರುವುದರಿಂದ ಓದುಗರು ಅದನ್ನು ಬಿಡಿಸಿಯೇ ಓದುತ್ತಾರೆ: ಶಂಕು ಎಂದರೆ ಶಂಕು, ಪಾರದರ್ಶಕ ಎಂದರೆ ಪಾರದರ್ಶಕ, ಒಡ್ಡಿಕೊಂಡರು ಎಂದರೆ ತಾವಾಗಿ ಒಡ್ಡಿಕೊಂಡರು. ಆದ್ದರಿಂದ ಪದಕಾರರು ಪ್ರತಿ ಪದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಮೂಲಪದ ಇಂದಿನ ಕಾರ್ಯವನ್ನು ಹೇಳುತ್ತದೆಯೇ? ಅದು ಯಾರ ನೆಲೆಯಿಂದ ನೋಡಿ ಇಟ್ಟ ಹೆಸರು? ಕನ್ನಡದಲ್ಲಿ ಅದೇ ಕ್ಷೇತ್ರದೊಳಗೆ ಅದಕ್ಕೆ ಎದುರಾಗುವ ಸಜೀವ ಅರ್ಥವಿದೆಯೇ?

ನಾವು ಸೂಚಿಸಿದ ಪದಗಳೇ ನಿಲ್ಲಬೇಕೆಂಬ ಹಟ ನಮಗಿಲ್ಲ. ಪದ ನಿಲ್ಲುವುದು ಬಳಸುವವರ ಬಾಯಲ್ಲಿ. ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧಕರಿಗೆ ಇಲ್ಲಿ ಪರೀಕ್ಷಿಸಲು ಯೋಗ್ಯವಾದ ಒಂದು ಸಂಗತಿಯಿದೆ: ಒಂದೇ ಚಿತ್ರವನ್ನು ‘ಪಾರದರ್ಶಕ ಭಾಗ’ ಮತ್ತು ‘ಕಿರಣ ಹಾದ ಕಪ್ಪು ಭಾಗ’ ಎಂಬ ಎರಡು ಬಗೆಯ ಮಾತುಗಳೊಡನೆ ತೋರಿಸಿ, ಹುಳುಕು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಕೇಳುವುದು. ಬೆರಳು ಎಲ್ಲಿ ನಿಲ್ಲುತ್ತದೆಯೋ ಅದರಿಂದ ಪದದ ಯೋಗ್ಯತೆ ತಿಳಿಯುತ್ತದೆ.